ಸಾಕುವವರ ಹೊಣೆ

ನಮ್ಮಲ್ಲಿ ಬಹುಮಂದಿಗೆ ಹವಳವೆಂದರೆ ಒಂದು ಮಣಿ. ಕರಿಮಣಿ ಸರದ ನಡುವೆ ಪೋಣಿಸಿದ ಎರಡು ಕೆಂಪು ಕಾಳು; ಇಲ್ಲವೆ ಕುಜದೋಷಕ್ಕೆಂದು ಜೋಯಿಸರು ಹೇಳಿ ಉಂಗುರದಲ್ಲಿ ಕೂಡಿಸಿದ ಹರಳು. ಮೆಡಿಟರೇನಿಯನ್ ಸಮುದ್ರದಿಂದ ಶತಮಾನಗಳ ಕಾಲ ನಮ್ಮ ದೇಶಕ್ಕೆ ಬರುತ್ತಿದ್ದ ಆ ಕೆಂಪು ಹವಳ ಒಂದಾನೊಂದು ಕಾಲಕ್ಕೆ ಜೀವವಿದ್ದ ಪ್ರಾಣಿಗಳು ಕಟ್ಟಿಕೊಂಡ ಎಲುಬು ಎಂದರೆ ಮನೆಯ ಹಿರಿಯರು ಮುಖ ಸಿಂಡರಿಸುತ್ತಾರೆ. ಬಿ.ಎಸ್‌ಸಿ.ಯಲ್ಲಿ ಪ್ರಾಣಿಶಾಸ್ತ್ರ ಓದಿ, ಆಮೇಲೆ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಫೈಲುಗಳ ನಡುವೆ ಬೇರುಬಿಟ್ಟ ನಮಗೂ ಹವಳವೆಂದರೆ ಪ್ರಯೋಗಶಾಲೆಯ ಕಪಾಟಿನಲ್ಲಿ ಚೀಟಿ ಅಂಟಿಸಿಕೊಂಡು ಕೂತಿದ್ದ ಬಿಳಿಯ ಕಲ್ಲು ಅಷ್ಟೆ. ಅದು ಉಸಿರಾಡುತ್ತಿರುವುದನ್ನು ಕಂಡದ್ದು ಕೆಲವು ವರ್ಷಗಳ ಹಿಂದೆ, ಅದೂ ಫೋನಿನ ಪರದೆಯ ಮೇಲೆ.

ನಮ್ಮ ಅಕ್ಕನ ಮಗ ಅಮೆರಿಕದ ಟೆಕ್ಸಾಸಿನಲ್ಲಿದ್ದಾನೆ. ಮನೆಯ ನಡುಕೋಣೆಯಲ್ಲಿ 4 ಅಡಿ ಉದ್ದದ ಗಾಜಿನ ತೊಟ್ಟಿಯಲ್ಲಿ ಒಂದು ಪುಟ್ಟ ಕಡಲನ್ನು ಇಟ್ಟುಕೊಂಡಿದ್ದಾನೆ. ಅದರಲ್ಲಿ ಅವನಿಗೆ ಅಚ್ಚುಮೆಚ್ಚಿನದು ‘ಚ್ಯಾಲಿಸ್’ ಎಂಬ ಹವಳ. ಭಾನುವಾರದ ಮಾತುಕತೆಯಲ್ಲಿ ಅವನ ಮಗುವಿನ ಮುಖ ಎಷ್ಟು ಹೊತ್ತು ಕಾಣುತ್ತದೆಯೋ ಅಷ್ಟೇ ಹೊತ್ತು ಈ ತೊಟ್ಟಿಯೂ ಕಾಣುತ್ತದೆ. ಅದನ್ನು ನೋಡಿ ನೋಡಿ ನಮ್ಮ ಮಗಳು, ಹತ್ತನೆಯ ತರಗತಿಯವಳು, ನಮ್ಮ ಎರಡು ಕೋಣೆಯ ಕ್ವಾರ್ಟರ್ಸಿನಲ್ಲೂ ಅಂಥದೊಂದು ಬೇಕೆಂದಳು. ಅಲ್ಲಿಂದ ಶುರುವಾದ ಚರ್ಚೆ ಹಲವು ಭಾನುವಾರಗಳನ್ನು ತಿಂದಿತು. ತೊಟ್ಟಿಯ ಬೆಲೆಯಿಂದ ಹೊರಟ ಮಾತು ಕೊನೆಗೆ ಒಂದು ಪ್ರಶ್ನೆಗೆ ಬಂದು ನಿಂತಿತು: ಒಂದು ಜೀವವನ್ನು ಚೆನ್ನಾಗಿ ನೋಡಿಕೊಳ್ಳುತ್ತೇವೆ ಎಂಬುದು ಅದನ್ನು ಇಟ್ಟುಕೊಳ್ಳುವ ಹಕ್ಕನ್ನು ಕೊಡುತ್ತದೆಯೆ?

ಮೊದಲು ಆ ಜೀವದ ಪರಿಚಯ ಮಾಡಿಕೊಳ್ಳೋಣ. ಚ್ಯಾಲಿಸ್ ಎಂದರೆ ಪಾನಪಾತ್ರೆ. ಅದು ಶಾಸ್ತ್ರದ ಹೆಸರಲ್ಲ, ಅಂಗಡಿಯ ಹೆಸರು. ಎಕಿನೊಫಿಲಿಯ, ಆಕ್ಸಿಪೋರ, ಮೈಸೀಡಿಯಮ್, ಎಕಿನೊಪೋರ ಎಂಬ ಬೇರೆ ಬೇರೆ ಕುಲದ ಗಟ್ಟಿ ಹವಳಗಳನ್ನು ವ್ಯಾಪಾರಿಗಳು ಈ ಒಂದೇ ಹೆಸರಿನಿಂದ ಮಾರುತ್ತಾರೆ. ಹಿಂದೂ ಮಹಾಸಾಗರದಿಂದ ಪೆಸಿಫಿಕ್‌ವರೆಗಿನ ಬೆಚ್ಚನೆಯ ಕಡಲುಗಳಲ್ಲಿ ಇವು ತಟ್ಟೆಯಂತೆ, ಕೆಲವೊಮ್ಮೆ ಅಂಚೆತ್ತಿದ ಬಟ್ಟಲಿನಂತೆ ಹರಡಿಕೊಂಡು ಬೆಳೆಯುತ್ತವೆ. ತಟ್ಟೆಯ ಮೇಲೆ ಅಲ್ಲಲ್ಲಿ ಬೇರೆ ಬಣ್ಣದ ಚುಕ್ಕಿಗಳು. ಸಾಕುವವರು ಅವನ್ನು ಕಣ್ಣುಗಳೆನ್ನುತ್ತಾರೆ. ನಿಜವಾಗಿ ಅವು ಬಾಯಿಗಳು. ಒಂದೊಂದು ಬಾಯಿಯೂ ಒಂದೊಂದು ಪ್ರಾಣಿ. ಎಲ್ಲವೂ ಒಂದೇ ಚರ್ಮ ಹೊದ್ದು, ತಾವೇ ಕಟ್ಟಿದ ಸುಣ್ಣದ ಗೂಡಿನ ಮೇಲೆ ಕೂತಿವೆ. ಆ ಚರ್ಮದೊಳಗೆ ಕಣ್ಣಿಗೆ ಕಾಣದ ಪಾಚಿಗಳು ಬಾಡಿಗೆಗಿವೆ. ಪಾಚಿಗಳು ಬೆಳಕಿನಿಂದ ಆಹಾರ ತಯಾರಿಸಿ ಅದರ ಬಹುಪಾಲನ್ನು ಮನೆಯ ಯಜಮಾನನಿಗೆ ಒಪ್ಪಿಸುತ್ತವೆ. ಯಜಮಾನ ಅವಕ್ಕೆ ಆಸರೆ ಕೊಡುತ್ತಾನೆ. ಮುಂಬಯಿಯ ಬಾಡಿಗೆದಾರರಾದ ನಮಗೆ ಇಂಥ ಯಜಮಾನರು ಇನ್ನೂ ಸಿಕ್ಕಿಲ್ಲ. ನೀರಿನ ಬಿಸಿ ಬೇಸಿಗೆಯ ವಾಡಿಕೆಯ ಮಟ್ಟಕ್ಕಿಂತ ಒಂದು ಡಿಗ್ರಿ ಹೆಚ್ಚಾಗಿ ಕೆಲವು ವಾರ ನಿಂತರೆ ಸಾಕು, ಈ ಕರಾರು ಮುರಿದುಬೀಳುತ್ತದೆ. ಪಾಚಿ ಹೊರಬೀಳುತ್ತದೆ, ಹವಳ ಬಿಳಿಚಿಕೊಳ್ಳುತ್ತದೆ, ಬಿಸಿ ಇಳಿಯದಿದ್ದರೆ ಹಸಿವಿನಿಂದ ಸಾಯುತ್ತದೆ.

ಇಂಥದನ್ನು ಮನೆಯಲ್ಲಿ ಸಾಕುವುದೆಂದರೆ ಏನು? ನಲ್ಲಿಯ ನೀರು ಆಗದು; ಅದರಲ್ಲಿ ಕ್ಲೋರಿನ್ ಇದೆ. ಶೋಧಿಸಿದ ಶುದ್ಧ ನೀರಿಗೆ ಲೀಟರಿಗೆ ಸುಮಾರು 35 ಗ್ರಾಂ ಲೆಕ್ಕದಲ್ಲಿ ಕಡಲುಪ್ಪಿನ ಮಿಶ್ರಣ ಬೆರೆಸಬೇಕು. ಉಷ್ಣತೆ 25-26 ಡಿಗ್ರಿಯಲ್ಲಿ ನಿಲ್ಲಬೇಕು. ಹವಳ ತನ್ನ ಗೂಡು ಕಟ್ಟಲು ನೀರಿನಿಂದಲೇ ಸುಣ್ಣ ಹೀರುವುದರಿಂದ ಲೀಟರಿಗೆ 400ರಿಂದ 450 ಮಿಲಿಗ್ರಾಂ ಕ್ಯಾಲ್ಸಿಯಂ ಇದೆಯೇ ಎಂದು ಆಗಾಗ ಪರೀಕ್ಷಿಸಿ, ಕಡಿಮೆಯಾದಷ್ಟನ್ನು ತುಂಬಬೇಕು. ಚ್ಯಾಲಿಸ್‌ಗೆ ಮಂದ ಬೆಳಕೇ ಹಿತ. ಪ್ರೀತಿ ಹೆಚ್ಚಾಗಿ ದೀಪದ ಕೆಳಗೇ ಕೂಡಿಸಿದರೆ ಬಿಳಿಚುತ್ತದೆ. ನೀರು ನಿಧಾನವಾಗಿ ಆಡುತ್ತಿರಬೇಕು. ತಟ್ಟೆಯ ಮೇಲೆ ಕಸ ಕೂತರೆ ಕೂತ ಕಡೆ ಚರ್ಮ ಸರಿದು ಎಲುಬು ಕಾಣತೊಡಗುತ್ತದೆ. ದೀಪ ಆರಿದ ಮೇಲೆ ಸಣ್ಣ ಸಣ್ಣ ಎಳೆಗಳನ್ನು ಹೊರಚಾಚುತ್ತದೆ. ಸೀಗಡಿಯ ಚೂರುಗಳನ್ನು ಆಗ ಕೊಟ್ಟರೆ ತಿನ್ನುತ್ತದೆ. ಉದ್ದನೆಯ ಬೇರೆ ಎಳೆಗಳೂ ಇವೆ. ಅವು ಪಕ್ಕದ ಹವಳವನ್ನು ಕುಟುಕಿ ಸುಡಲು. ಆದ್ದರಿಂದ ಸುತ್ತ 6 ಅಂಗುಲವಾದರೂ ಜಾಗ ಬಿಡಬೇಕು. ಹಗಲಿನಲ್ಲಿ ಬಣ್ಣ, ರಾತ್ರಿಯಲ್ಲಿ ಬಡಿದಾಟ. ಚಾಳಿನಲ್ಲಿ ಬಾಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇಷ್ಟನ್ನೂ ವರ್ಷಗಟ್ಟಲೆ, ಒಂದು ದಿನ ಬಿಡದೆ ಮಾಡುವವನನ್ನು ಕ್ರೂರಿ ಎನ್ನಲು ಬಾಯಿ ಬಾರದು. 2021ರ ಫೆಬ್ರವರಿಯಲ್ಲಿ ಟೆಕ್ಸಾಸಿನಲ್ಲಿ ಹಿಮಗಾಳಿ ಬೀಸಿ ಲಕ್ಷಗಟ್ಟಲೆ ಮನೆಗಳಿಗೆ ವಿದ್ಯುತ್ ಇಲ್ಲದೆ ಹೋದಾಗ ನಮ್ಮ ಹುಡುಗ ತೊಟ್ಟಿಗೆ ಕಂಬಳಿ ಹೊದಿಸಿದ. ಪಂಪು ನಿಂತರೆ ನೀರಿನ ಆಮ್ಲಜನಕ ಇಳಿಯುತ್ತದೆ. ಆದ್ದರಿಂದ ಎರಡು ರಾತ್ರಿ ಗಂಟೆಗೊಮ್ಮೆ ಎದ್ದು ಚೊಂಬಿನಲ್ಲಿ ನೀರೆತ್ತಿ ಮೇಲಿನಿಂದ ಸುರಿದ. ಚ್ಯಾಲಿಸ್ ಉಳಿಯಿತು. ಈ ಕಥೆಯನ್ನು ಅವನು ಹೆಮ್ಮೆಯಿಂದ ಹೇಳುವಾಗ ಅವನ ಹೆಂಡತಿ ಪಕ್ಕದಲ್ಲಿ ಸುಮ್ಮನಿರುತ್ತಾಳೆ. ಒಮ್ಮೆ ಮಾತ್ರ ನಮ್ಮ ಮನೆಯವರೊಡನೆ ಹೇಳಿದಳಂತೆ: “ಅತ್ತೆ, ಆವಾಗ ಕಂಬಳಿ ಇದ್ದದ್ದೇ ಐದು. ಎರಡು ತೊಟ್ಟಿಗೆ ಹೋದವು. ಮಗುವಿಗೆ ಏಳು ತಿಂಗಳು.” ಮಗುವೂ ಚೆನ್ನಾಗಿಯೇ ಇತ್ತು, ಯಾರಿಗೂ ಏನೂ ಆಗಲಿಲ್ಲ. ಆದರೆ ಆ ಲೆಕ್ಕ ಅವಳ ಮನಸ್ಸಿನಲ್ಲಿ ಉಳಿದಿದೆ. ಇದನ್ನು ಕೇಳಿದ ಮೇಲೆ ನಮಗೆ ಈ ವಿಷಯ ಬರಿಯ ಹವ್ಯಾಸದ ವಿಷಯವಾಗಿ ಉಳಿಯಲಿಲ್ಲ.

ಹವಳ ಸಾಕುವುದರ ಹಳೆಯ ಚರಿತ್ರೆಯಲ್ಲೂ ಇಂಥದೊಂದು ಪ್ರಸಂಗವಿದೆ. 1846ರಲ್ಲಿ ಆ್ಯನಾ ಥಿನ್ ಎಂಬ ಇಂಗ್ಲಿಷ್ ಮಹಿಳೆ ಟಾರ್ಕೀ ಕಡಲತೀರದಿಂದ ಬಟ್ಟಲು ಜಾತಿಯ ಕಲ್ಲುಹವಳಗಳನ್ನು ಲಂಡನ್ನಿಗೆ ತಂದು ಗಾಜಿನ ಪಾತ್ರೆಗಳಲ್ಲಿ ಉಳಿಸಿಕೊಂಡಳು. ಕಡಲಿಲ್ಲದ ಊರಿನ ಮನೆಯೊಳಗೆ ಕಡಲ ಜೀವವನ್ನು ವರ್ಷಗಟ್ಟಲೆ ಉಳಿಸಿದ ಮೊದಲಿಗರಲ್ಲಿ ಆಕೆಯ ಹೆಸರು ಬರುತ್ತದೆ. ನೀರು ಕೆಡದಂತೆ ಉಳಿದದ್ದು ಹೇಗೆ? ಮನೆಗೆಲಸದವಳು ದಿನವೂ ತೆರೆದ ಕಿಟಕಿಯ ಮುಂದೆ ನಿಂತು, ಅರ್ಧ ಮುಕ್ಕಾಲು ಗಂಟೆ, ಆ ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿಯುತ್ತಿದ್ದಳು. ಹೋಟೆಲಿನವರು ಕಾಫಿ ಆರಿಸುವಂತೆ. ಯಜಮಾನಿಯ ಅವಲೋಕನಗಳು 1859ರಲ್ಲಿ ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾದವು. ಈ ಕಥೆ ಹೇಳುವವರು ಆ ಹೆಂಗಸನ್ನು ‘ಮನೆಗೆಲಸದವಳು’ ಎಂದಷ್ಟೇ ಕರೆಯುತ್ತಾರೆ.

ವ್ಯಾಕರಣದಲ್ಲಿ ಕರ್ತೃಪದ ಎಂಬುದೊಂದಿದೆ. “ನಾನು ಹವಳ ಸಾಕುತ್ತೇನೆ” ಎಂಬ ವಾಕ್ಯದಲ್ಲಿ ಕರ್ತೃ ಯಾರು? ಹವಳವನ್ನು ಕೊಂಡವನೋ, ನೀರು ಸುರಿದವಳೋ, ಕಂಬಳಿ ಬಿಟ್ಟುಕೊಟ್ಟವಳೋ? ನಮ್ಮ ಮನೆಗಳಲ್ಲಿ ಗಂಡಸರು ತಂದ ಗಿಳಿ, ಮಕ್ಕಳು ತಂದ ನಾಯಿಮರಿ, ಇವೆಲ್ಲ ಮೂರನೆಯ ವಾರಕ್ಕೆ ಯಾರ ಪಾಲಿಗೆ ಬರುತ್ತವೆ ಎಂಬುದು ಓದುಗರಿಗೆ ಗೊತ್ತು. ಹೊಗಳಿಕೆ ಒಬ್ಬರಿಗೆ, ಎಚ್ಚರದ ರಾತ್ರಿ ಇನ್ನೊಬ್ಬರಿಗೆ ಆದರೆ ಅದು ಸಾಕುವುದಲ್ಲ, ಸಾಕಿಸುವುದು.

ಇರಲಿ. ಎಲ್ಲ ಕೆಲಸವನ್ನೂ ತಾನೇ ಮಾಡುವವನಿಗೆ ಹಕ್ಕು ಬಂದೀತೆ? ಅಕ್ಕನ ಮಗನ ಮೊದಲನೆಯ ವಾದ ಅದೇ. “ಮಾವ, ಸಮುದ್ರದಲ್ಲಿ ಇದನ್ನು ಯಾರು ಇಷ್ಟು ಚೆನ್ನಾಗಿ ನೋಡಿಕೊಳ್ತಾರೆ ಹೇಳಿ?” ಎಂದ. ಸಮುದ್ರದಲ್ಲಿ ಅದಕ್ಕೆ ನೋಡಿಕೊಳ್ಳುವವರೇ ಬೇಕಾಗಿರಲಿಲ್ಲ ಎಂಬುದು ನೇರವಾದ ಉತ್ತರ. ಉಪ್ಪು, ಸುಣ್ಣ, ಅಲೆ, ಬೆಳಕು ಎಲ್ಲವೂ ಅಲ್ಲಿ ಕೇಳದೆ ಸಿಗುತ್ತಿದ್ದವು. ನಾವು ಅವನ್ನು ತಪ್ಪಿಸಿದ್ದರಿಂದ ನಾವೇ ಒದಗಿಸಬೇಕಾಗಿ ಬಂತು. ಹಾಗಾದರೆ ಈ ಆರೈಕೆಯೆಲ್ಲ ಸಾಲದ ಕಂತು. ಕಂತು ತಪ್ಪದೆ ಕಟ್ಟುತ್ತಿದ್ದೇನೆ ಎಂಬುದು ಮೆಚ್ಚತಕ್ಕ ಮಾತಾದರೂ ಸಾಲ ತೆಗೆದದ್ದು ಸರಿಯೆ ಎಂಬುದಕ್ಕೆ ಅದು ಉತ್ತರವಾಗದು. ನಮ್ಮ ಕಚೇರಿಯ ಅನುಭವವೂ ಇದೇ. ದಾಖಲೆಯ ಕೋಣೆಯನ್ನು ಇಪ್ಪತ್ತು ವರ್ಷ ಗೆದ್ದಲು ಬಾರದಂತೆ ಕಾದ ಗುಮಾಸ್ತ ದಾಖಲೆಗಳ ಒಡೆಯನಾಗುವುದಿಲ್ಲ. ವರ್ಗವಾದ ದಿನ ಪಟ್ಟಿ ಮಾಡಿ, ರುಜು ಹಾಕಿ, ಚಾರ್ಜು ಒಪ್ಪಿಸಿ ಹೋಗಬೇಕು.

ಈ ಚಾರ್ಜಿನ ಪ್ರಶ್ನೆ ಹವಳದಲ್ಲಿ ಇನ್ನೂ ಬಿಗಿಯಾಗಿದೆ. ನಾಯಿಗೆ ಇಷ್ಟು, ದನಕ್ಕೆ ಇಷ್ಟು ಎಂದು ಆಯುಸ್ಸಿನ ಲೆಕ್ಕವಿದೆ. ಹವಳದ ಹಾಸಿಗೆ ಹಳೆಯ ಬಾಯಿಗಳ ಪಕ್ಕದಲ್ಲಿ ಹೊಸ ಬಾಯಿಗಳನ್ನು ಹುಟ್ಟಿಸುತ್ತ ಹೋಗುತ್ತದೆ. ಪರಿಸ್ಥಿತಿ ಒಗ್ಗಿದರೆ ಮನುಷ್ಯನ ಆಯುಸ್ಸನ್ನೂ ಮೀರಿ ಬಾಳಬಲ್ಲದು. ಕೆಲಸ ಹೋದಾಗ, ಊರು ಬಿಟ್ಟಾಗ, ಕಾಯಿಲೆ ಬಿದ್ದಾಗ ಅದನ್ನು ಯಾರು ವಹಿಸಿಕೊಳ್ಳುತ್ತಾರೆ? ಇದನ್ನು ಕೇಳಿದಾಗ ನಮ್ಮ ಹುಡುಗ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅವನ ಕೆಲಸವೂ ವೀಸಾ ಎಂಬ ನೂಲಿಗೆ ತೂಗುಬಿದ್ದಿದೆ.

ಎರಡನೆಯ ವಾದ ಹೆಚ್ಚು ಗಟ್ಟಿ. “ನಾನು ಸಮುದ್ರದಿಂದ ಕಿತ್ತದ್ದಲ್ಲ ಮಾವ. ಇನ್ನೊಬ್ಬರ ತೊಟ್ಟಿಯಲ್ಲಿ ಬೆಳೆದದ್ದರ ತುಂಡು” ಎಂದ. ಇದು ನಿಜವಾದ ಪದ್ಧತಿ. ಬೆಳೆದ ತಟ್ಟೆಯನ್ನು ಸಣ್ಣ ಗರಗಸದಿಂದ ಕೊಯ್ದು, ಒಂದೊಂದು ತುಂಡಿನಲ್ಲಿ ಒಂದಾದರೂ ಬಾಯಿ ಉಳಿಯುವಂತೆ ನೋಡಿ, ಗಾಯಕ್ಕೆ ಅಯೋಡಿನ್ ಸೋಕಿಸಿ, ಪುಟ್ಟ ಬಿಲ್ಲೆಗೆ ಅಂಟಿಸುತ್ತಾರೆ. ಗಾಯ ಮಾಯುತ್ತದೆ, ತುಂಡು ಬೆಳೆಯುತ್ತದೆ. ಮಲ್ಲಿಗೆಯ ಕಡ್ಡಿ ನೆಟ್ಟಂತೆ. ಹೀಗೆ ಹಂಚಿಕೊಂಡಷ್ಟೂ ಕಡಲಿನ ಮೇಲಿನ ಕೈ ಸಡಿಲವಾಗುತ್ತದೆ ಎಂಬುದನ್ನು ನಾವು ಒಪ್ಪಿದೆವು. ಆದರೆ ಪೇಟೆ ಅಲ್ಲಿಗೇ ನಿಲ್ಲುವುದಿಲ್ಲ. ಹೊಸ ಬಣ್ಣ ಬೇಕೆನ್ನುವ ಕೊಳ್ಳುವವರಿಗಾಗಿ ಇಂಡೊನೇಷ್ಯ, ಆಸ್ಟ್ರೇಲಿಯಗಳ ಕಡಲಿನಿಂದ ಹೊಸ ಹವಳ ಬರುತ್ತಿರುತ್ತದೆ. ಗಟ್ಟಿ ಹವಳಗಳೆಲ್ಲ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದದ ಎರಡನೆಯ ಅನುಬಂಧದಲ್ಲಿವೆ, ಅಂದರೆ ಪರವಾನಗಿ ಇಲ್ಲದೆ ಗಡಿ ದಾಟುವಂತಿಲ್ಲ. ಇಂಡೊನೇಷ್ಯ 2018ರಲ್ಲಿ ಹವಳದ ರಫ್ತನ್ನೇ ನಿಲ್ಲಿಸಿ 2020ರಲ್ಲಿ ಮತ್ತೆ ತೆರೆಯಿತು. ತುಂಡು ಕೊಂಡವನ ಕೈ ಶುದ್ಧವಿರಬಹುದು. ಅವನ ತೊಟ್ಟಿಯನ್ನು ಕಂಡು ಆಸೆಪಟ್ಟ ಮುಂದಿನವನು ಎಲ್ಲಿಂದ ಕೊಳ್ಳುತ್ತಾನೆ?

ನಮ್ಮ ದೇಶದಲ್ಲಿರುವವರಿಗೆ ಕಾನೂನು ಸ್ಪಷ್ಟವಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ 2001ರಲ್ಲಿ ಗಟ್ಟಿ ಹವಳಗಳನ್ನೆಲ್ಲ ಸೇರಿಸಲಾಯಿತು. ಹುಲಿ ಇರುವುದೂ ಅದೇ ಅನುಸೂಚಿಯಲ್ಲಿ. ನಮ್ಮ ಕಡಲಿನ ಹವಳವನ್ನು ಕೀಳುವುದು, ಮಾರುವುದು, ಇಟ್ಟುಕೊಳ್ಳುವುದು ಅಪರಾಧ. ಸರ್ಕಾರಿ ನೌಕರರಾದ ನಮಗೆ ಇಷ್ಟೇ ಸಾಕಾಗಿತ್ತು. ಮಗಳಿಗೆ ಸಾಕಾಗಲಿಲ್ಲ. “ಅಪ್ಪ, ಕಾನೂನು ಇದೆ ಅಂತ ಬೇಡವೋ, ತಪ್ಪು ಅಂತ ಬೇಡವೋ? ಅಣ್ಣನ ಊರಲ್ಲಿ ತಪ್ಪಲ್ಲದ್ದು ಇಲ್ಲಿ ಹೇಗೆ ತಪ್ಪು?” ಎಂದಳು. ಹಾಗೆ ಕೇಳುವುದು ನ್ಯಾಯವೇ. ಏನು ಮಾಡಕೂಡದೆಂದು ಕಾಯಿದೆ ಹೇಳಬಲ್ಲದು. ಏಕೆ ಎಂಬುದನ್ನು ನಾವೇ ಕಂಡುಕೊಳ್ಳಬೇಕು.

ಮೂರನೆಯ ವಾದ ನಮ್ಮನ್ನು ಬಹಳ ಕಾಡಿತು. ಕಡಲೇ ಕಾಯುತ್ತಿದೆ. 1998ರಲ್ಲಿ ಲಕ್ಷದ್ವೀಪದ ಹವಳಗಳು ಬಿಳಿಚಿ ಬಹುಪಾಲು ಸತ್ತವು. 2010, 2016, 2024ರಲ್ಲಿ ಮತ್ತೆ ಬಿಳಿಚಿದವು. ಜಗತ್ತಿನಾದ್ಯಂತ ನಾಲ್ಕನೆಯ ಸಲ ಹವಳಗಳು ಬಿಳಿಚುತ್ತಿವೆ ಎಂದು 2024ರ ಏಪ್ರಿಲ್‌ನಲ್ಲಿ ವಿಜ್ಞಾನಿಗಳು ಸಾರಿದರು. 2023ರ ಬೇಸಿಗೆಯಲ್ಲಿ ಅಮೆರಿಕದ ಫ್ಲಾರಿಡ ತೀರದ ನೀರು ಎಷ್ಟು ಕಾದಿತೆಂದರೆ, ಅಲ್ಲಿಯವರು ಸಾವಿರಾರು ಹವಳಗಳನ್ನು ಎತ್ತಿ ದಡದ ಮೇಲಿನ ತೊಟ್ಟಿಗಳಿಗೆ ಸಾಗಿಸಿದರು. ಅದಕ್ಕೂ ಮೊದಲು, 2019ರಲ್ಲಿ, ಅಲ್ಲಿನ ಫ್ಲಾರಿಡ ಅಕ್ವೇರಿಯಂನವರು ಅಳಿವಿನಂಚಿನ ಕಂಬ ಹವಳ ತೊಟ್ಟಿಯಲ್ಲೇ ಮೊಟ್ಟೆಯಿಡುವಂತೆ ಮಾಡಿದ್ದರು. “ಮನೆಗೆ ಬೆಂಕಿ ಬಿದ್ದಾಗ ಮಗುವನ್ನು ಎತ್ತಿಕೊಂಡು ಬಂದವನನ್ನು ಕಳ್ಳ ಅಂತೀರಾ?” ಎಂದು ಅಕ್ಕನ ಮಗ ಕೇಳಿದ.

ಖಂಡಿತ ಅನ್ನುವುದಿಲ್ಲ. ಆದರೆ ಬೆಂಕಿ ಆರಿದ ಮೇಲೆ ಅವನು ಮಗುವನ್ನು ಹಿಂದಿರುಗಿಸಬೇಕು. ಫ್ಲಾರಿಡದವರು ಯಾವ ಹವಳ ಯಾವ ಬಂಡೆಯದೆಂದು ಲೆಕ್ಕವಿಟ್ಟು, ಕಡಲಿಗೆ ಮರಳಿಸುವ ಉದ್ದೇಶದಿಂದಲೇ ತಂದರು. ಮನೆಯ ತೊಟ್ಟಿಯಿಂದ ಹಾಗೆ ಮರಳುವ ದಾರಿಯಿಲ್ಲ. ಬೇರೆ ಕಡಲಿನ ಜೀವವನ್ನು ದಯೆಯಿಂದ ಬಿಟ್ಟರೂ ಅನಾಹುತವೇ. ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್ಕಿಗೆ ಸೇರಿದ ಸಿಂಹಮೀನು 1985ರಲ್ಲಿ ಫ್ಲಾರಿಡದ ಹತ್ತಿರ ಮೊದಲು ಕಾಣಿಸಿತು. ಸಾಕಿದವರು ಬಿಟ್ಟದ್ದೇ ಮೂಲವೆಂದು ತಿಳಿದವರ ಅಭಿಪ್ರಾಯ. ಇಂದು ಅದು ಕೆರಿಬಿಯನ್ನಿನ ಸಣ್ಣ ಮೀನುಗಳನ್ನೆಲ್ಲ ನುಂಗುತ್ತಿದೆ. ಆಶ್ರಯವೆಂಬ ಮಾತು ಮರಳಿಸುವ ಲೆಕ್ಕವಿದ್ದಲ್ಲಿ ಸಲ್ಲುತ್ತದೆ. ಲೆಕ್ಕವಿಲ್ಲದ ಕಡೆ ಅದು ಸಂಗ್ರಹವೇ, ಎಷ್ಟು ಅಕ್ಕರೆಯ ಸಂಗ್ರಹವಾದರೂ.

ಇಲ್ಲಿ ನಮ್ಮಂಥ ವಲಸಿಗರಿಗೆ ಹತ್ತಿರದ ಒಂದು ಮಾತು ಹೇಳದಿರಲಾಗದು. ನಮ್ಮ ಬಳಗದ ಎಷ್ಟೋ ಮನೆಗಳಲ್ಲಿ ಊರಿನಿಂದ ಕರೆತಂದ ತಾಯಿಯೋ ತಂದೆಯೋ ಇದ್ದಾರೆ. ಹೊತ್ತಿಗೆ ಸರಿಯಾಗಿ ಔಷಧ, ಮೃದುವಾದ ಅನ್ನ, ಸಕ್ಕರೆಯ ಪರೀಕ್ಷೆ, ಯಾವುದಕ್ಕೂ ಕೊರತೆಯಿಲ್ಲ. ಆದರೂ ನಾಲ್ಕನೆಯ ಮಹಡಿಯ ಕಿಟಕಿಯ ಬಳಿ ಕೂತ ಮುಖಗಳ ಬಣ್ಣ ವರ್ಷದಿಂದ ವರ್ಷಕ್ಕೆ ಮಾಸುವುದನ್ನು ನಾವೆಲ್ಲ ಕಂಡಿದ್ದೇವೆ. ಇನ್ನು ಕೆಲವರು ಬಾರದೆ ಊರಲ್ಲೇ ಉಳಿದಿದ್ದಾರೆ. ಅವರನ್ನು ನಾವು ಫೋನಿನಿಂದ, ಮನಿಯಾರ್ಡರಿನ ಜಾಗಕ್ಕೆ ಬಂದ ಬ್ಯಾಂಕಿನ ಜಮೆಯಿಂದ, ಪಕ್ಕದ ಮನೆಯವರ ಉಪಕಾರದಿಂದ ನೋಡಿಕೊಳ್ಳುತ್ತೇವೆ. ಇವೆರಡರಲ್ಲಿ ಯಾವುದು ಮೇಲೆಂದು ತೀರ್ಪು ಕೊಡಲು ನಾವು ಯಾರು? ಒಂದು ವ್ಯತ್ಯಾಸ ಮಾತ್ರ ದೊಡ್ಡದು. ತಾಯಿಯನ್ನು “ಬರುತ್ತೀಯಾ?” ಎಂದು ಕೇಳಬಹುದು. ಒಲ್ಲೆ ಎಂದರೆ ಒಪ್ಪಬಹುದು. ಬಂದ ಮೇಲೆ “ಸಾಕಾಯಿತು, ಊರಿಗೆ ಕಳಿಸು” ಎಂದರೆ ರೈಲಿಗೆ ಹತ್ತಿಸಬಹುದು. ಹವಳವನ್ನು ಕೇಳುವಂತಿಲ್ಲ, ಕೇಳಿದರೂ ಹೇಳದು. ಅದರ ಉತ್ತರವೆಲ್ಲ ಬಣ್ಣದಲ್ಲಿ. ಅದು ಬಿಳಿಚಿದ್ದು ಕಾಣುವ ಹೊತ್ತಿಗೆ ಬಹಳ ಸಲ ತಡವಾಗಿರುತ್ತದೆ. ಒಪ್ಪಿಗೆ ಕೇಳಲು ಬಾರದ ಕಡೆ, ಕೇಳಬಲ್ಲ ಕಡೆಗಿಂತ ಹೆಚ್ಚು ಹಿಂಜರಿಕೆ ಇರಬೇಕು ಎಂಬುದು ನಮ್ಮ ಅಭಿಪ್ರಾಯ. ನಾವು ಸಾಮಾನ್ಯವಾಗಿ ಇದಕ್ಕೆ ವಿರುದ್ಧವಾಗಿ ನಡೆಯುತ್ತೇವೆ.

ನ್ಯಾಯಕ್ಕೆ ಅಕ್ಕನ ಮಗನ ಕೊನೆಯ ಮಾತನ್ನೂ ಬರೆಯಬೇಕು. “ಮಾವ, ಈ ತೊಟ್ಟಿ ಇರದಿದ್ದರೆ ಕಡಲು ಬಿಸಿಯಾದದ್ದು ನನಗೆ ಒಂದು ಸುದ್ದಿ ಅಷ್ಟೇ ಆಗ್ತಿತ್ತು. ಈಗ ನೀರು ಒಂದು ಡಿಗ್ರಿ ಏರಿತು ಅಂದರೆ ಎದೆ ಹೊಡೆದುಕೊಳ್ಳುತ್ತೆ.” ಇದಕ್ಕೆ ನಮ್ಮಲ್ಲಿ ಪ್ರತಿವಾದವಿಲ್ಲ. ಕಪಾಟಿನ ಬಿಳಿಯ ಕಲ್ಲು ನಮಗೆ ಕಲಿಸದೆ ಇದ್ದದ್ದನ್ನು ಆ ತೊಟ್ಟಿ ಅವನಿಗೆ ಕಲಿಸಿದೆ, ಅವನ ಮೂಲಕ ನಮಗೂ. ತಂದದ್ದನ್ನು ಈಗ ಎಸೆ ಎನ್ನುವುದು ಧರ್ಮವಲ್ಲ. ಸಾಲಕ್ಕೆ ಹೆದರಿ ಊರು ಬಿಟ್ಟಂತಾದೀತು. ನಾವು ಅವನಿಗೆ ಹೇಳಿದ್ದು ಮೂರೇ ಮಾತು. ಇನ್ನು ಮೇಲೆ ಕಡಲಿನಿಂದ ಕಿತ್ತದ್ದನ್ನು ಕೊಳ್ಳಬೇಡ. ನಿನ್ನ ನಂತರ ಚಾರ್ಜು ಯಾರಿಗೆಂದು ಈಗಲೇ ಗೊತ್ತುಮಾಡು. ಮನೆಯ ಕಂಬಳಿಗಳ ಲೆಕ್ಕವನ್ನು ಹೆಂಡತಿಯನ್ನು ಕೇಳಿ ಮಾಡು. ಮೂರನೆಯದಕ್ಕೆ ಅವನು ನಕ್ಕ. ಆಮೇಲೆ ಫೋನನ್ನು ಅವಳ ಕೈಗೆ ಕೊಟ್ಟ.

ನಮ್ಮ ಮಗಳ ವಿಷಯ? ತೊಟ್ಟಿಗೆ ಬದಲು ಅವಳಿಗೆ ನಾವು ಕಡಲನ್ನೇ ತೋರಿಸಬೇಕಾಯಿತು. ಮುಂಬಯಿಯ ಕೆಸರು ನೀರಿನಲ್ಲೂ, ವರಳಿ ಮತ್ತು ಹಾಜಿ ಅಲಿಯ ಬಂಡೆಗಳ ಮೇಲೆ, ಜೀವಂತ ಹವಳಗಳಿವೆ ಎಂದು ಬಸ್ಸಿನಲ್ಲಿ ಆ ದಾರಿಯಲ್ಲಿ ದಿನವೂ ಓಡಾಡುವ ಎಷ್ಟು ಮಂದಿಗೆ ಗೊತ್ತು? 2020ರಲ್ಲಿ ಕರಾವಳಿ ರಸ್ತೆಗಾಗಿ ಅಲ್ಲಿಂದ ಹವಳದ 18 ಹಾಸುಗಳನ್ನು ಎತ್ತಿ ಬೇರೆಡೆಗೆ ಸಾಗಿಸಬೇಕಾಯಿತು. 2017ರಲ್ಲಿ ಆರಂಭವಾದ ‘ಮರೀನ್ ಲೈಫ್ ಆಫ್ ಮುಂಬಯಿ’ ಎಂಬ ನಾಗರಿಕರ ಬಳಗ ಇಳಿತದ ಹೊತ್ತಿನಲ್ಲಿ ಜನರನ್ನು ಬಂಡೆಗಳ ಮೇಲೆ ಕರೆದೊಯ್ದು ಇವನ್ನೆಲ್ಲ ತೋರಿಸತೊಡಗಿತು. ನಮ್ಮ ಕನ್ನಡ ನಾಡಿಗೂ ಹವಳವಿದೆ. ಮುರುಡೇಶ್ವರದಿಂದ ದೋಣಿಯಲ್ಲಿ ಹೋದರೆ ನೇತ್ರಾಣಿ ದ್ವೀಪದ ಸುತ್ತ. ಬೇಸಿಗೆ ರಜದಲ್ಲಿ ಊರಿಗೆ ಹೋಗುವವರು ದೇವಸ್ಥಾನದ ಗೋಪುರ ನೋಡಿ ಬೆನ್ನು ತಿರುಗಿಸುವ ಮೊದಲು ಆ ಕಡೆಗೂ ಒಮ್ಮೆ ನೋಡಬಹುದು.

ಹೋದ ಚಳಿಗಾಲದ ಒಂದು ಇಳಿತದಲ್ಲಿ ಮಗಳು ಪ್ಯಾಂಟು ಮಡಚಿ ಬಂಡೆಗಳ ನಡುವೆ ಒಂದು ಗಂಟೆ ಹುಡುಕಿದಳು. ಕಂಡದ್ದು ಅಂಗೈ ಅಗಲದ, ಕಂದು ಬಣ್ಣದ, ಯಾರೂ ದುಡ್ಡು ಕೊಟ್ಟು ಕೊಳ್ಳದಂಥ ಒಂದು ಹವಳ. ಮುಟ್ಟಲಿಲ್ಲ. ಸ್ಥಳ, ತಾರೀಕು, ಗಂಟೆ ನೋಟುಬುಕ್ಕಿನಲ್ಲಿ ಬರೆದುಕೊಂಡಳು. ಮುಂದಿನ ಇಳಿತ ಯಾವಾಗೆಂದು ಈಗ ನಮಗೆ ಹೇಳುವವಳೂ ಅವಳೇ. ಇಟ್ಟುಕೊಳ್ಳದೆಯೂ ನೋಡಿಕೊಳ್ಳುವುದು ಹೀಗೆ ಆದೀತೇನೋ. ಓದುಗರಲ್ಲಿ ಮೀನು, ಗಿಳಿ, ಗಿಡ ಸಾಕಿದವರು ಅನೇಕರಿದ್ದಾರೆ. ಅವರು ಏನೆನ್ನುತ್ತಾರೋ, ಸಂಪಾದಕರಿಗೆ ನಾಲ್ಕು ಸಾಲು ಬರೆದರೆ ನಮಗೂ ಮಗಳಿಗೂ ಸಂತೋಷ.